ರಾಜಕಾರಣಿಗಳ ಜಾಲತಾಣದ ಭಾಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದ ನಾಯಕರು ಎಕ್ಸ್, ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಬಳಸುವ ಭಾಷೆಯ ಬಗ್ಗೆ ಮಾತುಕತೆಯಲ್ಲಿ, ಪತ್ರಗಳಲ್ಲಿ, ಕಮೆಂಟುಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. 2023ರ ಜುಲೈನಲ್ಲಿ ಟ್ವಿಟರ್ ಹೋಗಿ ಎಕ್ಸ್ ಬಂದರೂ ಜನ ಟ್ವೀಟ್ ಎನ್ನುವುದನ್ನು ಬಿಟ್ಟಿಲ್ಲ. ನಾವೂ ಬಿಟ್ಟಿಲ್ಲ.

## ಮೊದಲ ಪ್ರಶ್ನೆಗಳು

ಭಾಷೆಯಿಂದ ಇಮೇಜ್ ಕಟ್ಟೋದು ಅಂದ್ರೆ ಏನು? ಎಲ್ಲರೂ ಬರೆಯೋದು ಅದೇ ಕನ್ನಡ ತಾನೆ?

ಅದೇ ಕನ್ನಡ, ಆದರೆ ಬರೆದವನು ಅದೇ ಮನುಷ್ಯನಾಗಿ ಕಾಣುವುದಿಲ್ಲ. ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿಯನ್ನೇ ತೆಗೆದುಕೊಳ್ಳಿ. ಇವು ನಾವೇ ಕಟ್ಟಿದ ಮಾದರಿ ವಾಕ್ಯಗಳು: "ಫಲಾನುಭವಿಗಳ ಖಾತೆಗೆ 2,000 ರೂ. ಜಮೆ ಮಾಡಲಾಗಿದೆ." "ತಾಯಂದಿರ ಕೈಗೆ 2,000 ರೂ. ಬಂದಿದೆ." "ಕೊಟ್ಟ ಮಾತು ಉಳಿಸಿಕೊಂಡಿದ್ದೇನೆ." ದುಡ್ಡು ಒಂದೇ, ಖಾತೆಯೂ ಒಂದೇ. ಮೊದಲನೆಯದರಲ್ಲಿ ಮಾತಾಡುವವನು ಅಧಿಕಾರಿ, ಎರಡನೆಯದರಲ್ಲಿ ಮನೆಮಗ, ಮೂರನೆಯದರಲ್ಲಿ ಮಾತಿಗೆ ತಪ್ಪದ ನಾಯಕ. ಫಲಾನುಭವಿ ಎಂದರೆ ಕಚೇರಿಯ ಕಡತ ನೆನಪಾಗುತ್ತದೆ, ತಾಯಂದಿರು ಎಂದರೆ ಮನೆ.

ಒಂದು ಪೋಸ್ಟ್ ಓದುವಾಗ ಮೂರು ವಿಷಯ ನೋಡಿ: ಯಾವ ಭಾಷೆ, ಯಾವ ಲಿಪಿ, ಯಾರನ್ನು ಉದ್ದೇಶಿಸಿದ್ದು. ಇವು ಮೂರೂ ಗೊತ್ತಾದರೆ, ವಿಷಯ ಓದುವ ಮೊದಲೇ ಆ ನಾಯಕ ಇವತ್ತು ಯಾರ ಮುಂದೆ ಯಾರಾಗಿ ಕಾಣಬೇಕು ಅಂದುಕೊಂಡಿದ್ದಾನೆ ಎಂಬುದು ಹೆಚ್ಚುಕಡಿಮೆ ತಿಳಿಯುತ್ತದೆ.

ಇವನ್ನೆಲ್ಲ ಅವರೇ ಕೂತು ಬರೀತಾರಾ?

ದೊಡ್ಡ ನಾಯಕರ ವಿಷಯದಲ್ಲಿ ಬಹುಪಾಲು ಇಲ್ಲ. ಪಕ್ಷದ ಸಾಮಾಜಿಕ ಜಾಲತಾಣ ವಿಭಾಗ, ಮಾಧ್ಯಮ ಸಲಹೆಗಾರರು, ಚುನಾವಣೆ ಬಂದರೆ ವಾರ್‌ರೂಂ ಇವೆಲ್ಲ ಸೇರಿ ಬರೆಯುತ್ತವೆ. ಆದರೂ ಅದು ನಾಯಕನ ಭಾಷೆಯೇ. ಅವನ ಹೆಸರಿನಲ್ಲಿ ಬಂದ ಮಾತಿಗೆ ಅವನೇ ಹೊಣೆ, ಓದುವವರೂ ಹಾಗೇ ತಿಳಿಯುತ್ತಾರೆ.

ಬೇರೆಯವರು ಬರೆದದ್ದು ಎಂಬ ಸುಳಿವು ಸಿಗುವುದು ಸಾಮಾನ್ಯವಾಗಿ ಎರಡು ಕಡೆ. ವೇದಿಕೆಯಲ್ಲಿ ಅಪ್ಪಟ ಹಳ್ಳಿ ಮಾತಾಡುವವರು ಟ್ವೀಟಿನಲ್ಲಿ "ಖಂಡನಾರ್ಹ", "ಅಕ್ಷಮ್ಯ" ಎಂದು ಸಂಪಾದಕೀಯದ ಕನ್ನಡ ಬರೆಯುವುದು ಒಂದು. ಖಾತೆಯ ಒಡೆಯರೇ ತಮ್ಮ ಬಗ್ಗೆ "ಅವರು ಭೇಟಿ ನೀಡಿದರು" ಎಂದು ಪ್ರಥಮ ಪುರುಷದಲ್ಲಿ ಹೇಳಿಕೊಳ್ಳುವುದು ಇನ್ನೊಂದು. ಕನ್ನಡ ವ್ಯಾಕರಣದಲ್ಲಿ ಪ್ರಥಮ ಪುರುಷ ಎಂದರೆ ಅವನು-ಅವಳು-ಅವರು ಎಂಬುದು ಶಾಲೆ ಬಿಟ್ಟ ಮೇಲೆ ಅನೇಕರಿಗೆ ಮರೆತಿರುತ್ತದೆ, ಅದಕ್ಕೇ ಹೇಳಿದೆವು. ಅಂದಹಾಗೆ ಹುದ್ದೆಯ ಖಾತೆಯೇ ಬೇರೆ, ವ್ಯಕ್ತಿಯ ಖಾತೆಯೇ ಬೇರೆ. ಮುಖ್ಯಮಂತ್ರಿ ಕಚೇರಿಯ ಖಾತೆ ಕುರ್ಚಿಯ ಜೊತೆಗೆ ಹೋಗುತ್ತದೆ, ಅಲ್ಲಿ ಪ್ರಥಮ ಪುರುಷ ಸಹಜ. ಈ ಎರಡನ್ನು ಒಂದೇ ರಾಶಿಗೆ ಹಾಕಿ ಲೆಕ್ಕ ಮಾಡಬೇಡಿ.

ಕನ್ನಡದ ಬಗ್ಗೆ ಮಾತಾಡುವಾಗಲೂ ಇಂಗ್ಲಿಷ್‌ನಲ್ಲಿ ಯಾಕೆ ಟ್ವೀಟ್ ಮಾಡ್ತಾರೆ? ಇದು ಬೂಟಾಟಿಕೆ ಅಲ್ವಾ?

ಬೂಟಾಟಿಕೆ ಅನ್ನುವ ಮೊದಲು ಆ ಮಾತು ಯಾರ ಕಿವಿಗೆ ಬೀಳಬೇಕಿತ್ತು ಎಂದು ಕೇಳಿ. 2019ರ ಸೆಪ್ಟೆಂಬರ್ 14ರ ಹಿಂದಿ ದಿವಸದಂದು ಅಮಿತ್ ಶಾ ದೇಶಕ್ಕೆ ಒಂದು ಭಾಷೆ ಬೇಕು ಎಂಬರ್ಥದ ಮಾತಾಡಿದರು. ಎರಡು ದಿನ ಬಿಟ್ಟು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಟ್ವೀಟ್ ಮಾಡಿದರು, ಇಂಗ್ಲಿಷ್‌ನಲ್ಲಿ. ದೇಶದ ಎಲ್ಲ ಅಧಿಕೃತ ಭಾಷೆಗಳೂ ಸಮಾನ, ಆದರೆ ಕರ್ನಾಟಕದ ಮಟ್ಟಿಗೆ ಕನ್ನಡವೇ ಪ್ರಧಾನ ಭಾಷೆ, ಅದರ ಮಹತ್ವದ ವಿಷಯದಲ್ಲಿ ರಾಜಿಯಿಲ್ಲ ಎಂಬುದು ಅದರ ಸಾರ. ಶಾ ಅವರ ಹೆಸರಿಲ್ಲ, ಹಿಂದಿ ಎಂಬ ಪದವೂ ಇಲ್ಲ. ಮೊದಲ ವಾಕ್ಯ ದೆಹಲಿಗೆ, ಎರಡನೆಯದು ಬೆಂಗಳೂರಿಗೆ. ಪಕ್ಷದ ವರಿಷ್ಠರಿಗೆ ಎದುರಾಡಿದಂತೆಯೂ ಆಗಬಾರದು, ಕನ್ನಡಿಗರಿಗೆ ಸುಮ್ಮನಿದ್ದಂತೆಯೂ ಕಾಣಬಾರದು. ಇದೇ ಮಾತನ್ನು ಬರೀ ಕನ್ನಡದಲ್ಲಿ ಹೇಳಿದ್ದರೆ ಇಲ್ಲಿ ಚಪ್ಪಾಳೆ ಸಿಗುತ್ತಿತ್ತು, ರಾಷ್ಟ್ರೀಯ ವಾಹಿನಿಗಳು ತಮಗೆ ತೋಚಿದಂತೆ ಭಾಷಾಂತರ ಮಾಡಿಕೊಳ್ಳುತ್ತಿದ್ದವು. ಇಂಗ್ಲಿಷ್‌ನಲ್ಲಿ ಬರೆದರೆ ಪದಗಳ ಹಿಡಿತ ತಮ್ಮ ಕೈಯಲ್ಲೇ ಉಳಿಯುತ್ತದೆ.

2018ರ ಜನವರಿಯಲ್ಲಿ ಯೋಗಿ ಆದಿತ್ಯನಾಥ್ ಬೆಂಗಳೂರಿಗೆ ಬಂದಾಗ ಸಿದ್ದರಾಮಯ್ಯನವರ ಸ್ವಾಗತ ಟ್ವೀಟ್ ಕೂಡ ಇಂಗ್ಲಿಷಿನದೇ. ನಮ್ಮಿಂದ ಕಲಿಯುವುದು ಬಹಳಷ್ಟಿದೆ ಸರ್, ಇಂದಿರಾ ಕ್ಯಾಂಟೀನಿಗೂ ಒಂದು ರೇಷನ್ ಅಂಗಡಿಗೂ ಹೋಗಿ ಬನ್ನಿ ಎಂಬ ಧಾಟಿ. ಕುಟುಕಿದ್ದೆಲ್ಲ ಆ "ಸರ್" ಎಂಬ ಮರ್ಯಾದೆಯಲ್ಲೇ ಇತ್ತು. ಯೋಗಿ ರೈತರ ಆತ್ಮಹತ್ಯೆಯ ವಿಷಯ ಎತ್ತಿ ತಿರುಗೇಟು ಕೊಟ್ಟರು.

ಒಂದೇ ಸುದ್ದಿ ಕನ್ನಡದಲ್ಲಿ ಒಂದು ಥರ, ಇಂಗ್ಲಿಷ್‌ನಲ್ಲಿ ಇನ್ನೊಂದು ಥರ ಇರುತ್ತಂತೆ. ನಿಜವಾ?

ನಿಜ, ಮತ್ತು ಕೈ ಸುಡುವುದೂ ಅಲ್ಲೇ. 2024ರ ಜುಲೈ 16ರಂದು ಸಿದ್ದರಾಮಯ್ಯನವರ ಖಾತೆಯಲ್ಲಿ ಕನ್ನಡದ ಪೋಸ್ಟ್ ಬಂತು: ಖಾಸಗಿ ಕೈಗಾರಿಕೆಗಳ ಸಿ ಮತ್ತು ಡಿ ದರ್ಜೆಯ ಹುದ್ದೆಗಳಿಗೆ ಶೇ 100ರಷ್ಟು ಕನ್ನಡಿಗರ ನೇಮಕ ಕಡ್ಡಾಯಗೊಳಿಸುವ ಮಸೂದೆಗೆ ಸಚಿವ ಸಂಪುಟ ಒಪ್ಪಿದೆ ಎಂದು. ಜೊತೆಗೆ ತಮ್ಮದು ಕನ್ನಡಪರ ಸರ್ಕಾರ ಎಂಬ ಮಾತು. ಮಸೂದೆಯಲ್ಲಿ ಇದ್ದದ್ದು ಆಡಳಿತಾತ್ಮಕ ಹುದ್ದೆಗಳಲ್ಲಿ ಶೇ 50, ಉಳಿದ ಹುದ್ದೆಗಳಲ್ಲಿ ಶೇ 70. ಕನ್ನಡ ಓದುಗರಿಗೆಂದು ಬರೆದ "ಶೇ 100" ಕೆಲವೇ ಗಂಟೆಗಳಲ್ಲಿ ಇಂಗ್ಲಿಷಿಗೆ ಹೋಯಿತು. ಉದ್ಯಮದವರು ಸಿಡಿದೆದ್ದರು, ಐಟಿ ಕಂಪನಿಗಳ ಒಕ್ಕೂಟ ನಾಸ್ಕಾಂ ಆಕ್ಷೇಪ ಎತ್ತಿತು, ಆಂಧ್ರದ ಸಚಿವ ನಾರಾ ಲೋಕೇಶ್ ನಾಸ್ಕಾಂ ಸದಸ್ಯರನ್ನು ವಿಶಾಖಪಟ್ಟಣಕ್ಕೆ ಬನ್ನಿ ಎಂದು ಎಕ್ಸ್‌ನಲ್ಲೇ ಕರೆದರು. ಪೋಸ್ಟ್ ಅಳಿಸಿ ಹೋಯಿತು, ಮಸೂದೆ 17ರಂದೇ ತಡೆಹಿಡಿಯಲ್ಪಟ್ಟಿತು.

ಕನ್ನಡದಲ್ಲಿ ಬರೆದರೆ ಕನ್ನಡಿಗರಷ್ಟೇ ಓದುತ್ತಾರೆ ಎಂಬ ನಂಬಿಕೆ ಭಾಷಾಂತರದ ಗುಂಡಿ ಬಂದ ದಿನವೇ ಸತ್ತಿತ್ತು. ಪಕ್ಷಗಳ ಜಾಲತಾಣ ವಿಭಾಗವಾದ ಐಟಿ ಸೆಲ್‌ಗಳಿಗೆ ಅದು ಇನ್ನೂ ಪೂರ್ತಿ ಅರ್ಥವಾದ ಹಾಗಿಲ್ಲ.

ಎಕ್ಸ್‌ನಲ್ಲಿ ಒಂದು ಮುಖ, ಇನ್‌ಸ್ಟಾದಲ್ಲಿ ಇನ್ನೊಂದು ಮುಖ ಯಾಕೆ?

ಓದುಗರು ಬೇರೆ. ಎಕ್ಸ್‌ನಲ್ಲಿ ಪತ್ರಕರ್ತರು, ಎದುರಾಳಿಗಳು, ಅಧಿಕಾರಿಗಳು ಇರುತ್ತಾರೆ, ಹಾಗಾಗಿ ಅಲ್ಲಿ ವಾದ, ಅಂಕಿಅಂಶ, ಸವಾಲು. ಫೇಸ್‌ಬುಕ್‌ನಲ್ಲಿ ಕ್ಷೇತ್ರದ ಜನ ಹೆಚ್ಚು: ಗುದ್ದಲಿಪೂಜೆ, ಮದುವೆ, ಜಾತ್ರೆ. ಇನ್‌ಸ್ಟಾಗ್ರಾಂನಲ್ಲಿ ಭಾಷೆಗಿಂತ ಹಿನ್ನೆಲೆ ಸಂಗೀತವೇ ಹೆಚ್ಚು ಮಾತಾಡುತ್ತದೆ. ವಾಟ್ಸ್‌ಆ್ಯಪ್ ಸ್ಟೇಟಸ್ ಕಾರ್ಯಕರ್ತರ ಜಾಗ.

## ಪದ, ಸಂಬೋಧನೆ, ಹೆಸರು

"ನಾನು", "ನಾವು", "ಮಾಡಲಾಗಿದೆ" ಇವುಗಳಲ್ಲಿ ನಿಜವಾಗಿ ವ್ಯತ್ಯಾಸ ಇದೆಯಾ?

ಇದೆ. ಕನ್ನಡದಲ್ಲಿ ಕ್ರಿಯಾಪದವೇ ಕರ್ತೃವನ್ನು ಹೇಳಿಬಿಡುತ್ತದೆ. "ಕೊಟ್ಟಿದ್ದೇನೆ" ಎಂದರೆ ಸಾಕು, ನಾನು ಬೇಕಿಲ್ಲ. ಬೇಡದಿದ್ದರೂ "ನಾನು ಕೊಟ್ಟಿದ್ದೇನೆ" ಎಂದು ಬರೆದಿದ್ದರೆ ಅಲ್ಲಿ ಒತ್ತು ಇದೆ, ಪಾಲು ಕೇಳುವವರು ಪಕ್ಷದೊಳಗೇ ಯಾರೋ ಇದ್ದಾರೆ ಎಂಬ ಗುಮಾನಿಯನ್ನೂ ಪಡಬಹುದು. ಯಶಸ್ಸು ಬಂದಾಗ "ನಾವು", ಎಡವಟ್ಟಾದಾಗ "ವಿಳಂಬವಾಗಿದೆ", "ಲೋಪ ಕಂಡುಬಂದಿದೆ". ಲೋಪಕ್ಕೆ ಕನ್ನಡದಲ್ಲಿ ಎಂದೂ ಕರ್ತೃ ಸಿಕ್ಕುವುದಿಲ್ಲ!

"ನಾವು" ಇನ್ನೊಂದು ಅನುಕೂಲ ಕೊಡುತ್ತದೆ. ತುಳುವಿನಲ್ಲಿ ಕೇಳುವವರನ್ನೂ ಸೇರಿಸಿಕೊಂಡರೆ "ನಮ", ಬಿಟ್ಟರೆ "ಎಂಕುಲು". ತೆಲುಗಿನಲ್ಲೂ ತಮಿಳಿನಲ್ಲೂ ಹೀಗೆ ಎರಡೆರಡು ಪದ ಇವೆ. ಕನ್ನಡದ "ನಾವು" ಎರಡನ್ನೂ ನುಂಗಿಕೊಂಡಿದೆ. "ನಾವು ದೆಹಲಿಯ ಮುಂದೆ ಕೈಯೊಡ್ಡಬೇಕಾಗಿದೆ" ಎಂದರೆ ಅದು ಪಕ್ಷವೋ, ಸರ್ಕಾರವೋ, ಆರೂವರೆ ಕೋಟಿ ಕನ್ನಡಿಗರೋ? ಬರೆದವರು ಬಿಡಿಸಿ ಹೇಳುವುದಿಲ್ಲ, ಬಿಡಿಸಿ ಹೇಳದಿರುವುದೇ ಅದರ ಲಾಭ.

ಏಕವಚನದಲ್ಲಿ ಬೈಯೋದು ಬಾಯ್ತಪ್ಪಾ, ಬೇಕಂತಲಾ?

ಬರಹದಲ್ಲಿ ಬಾಯ್ತಪ್ಪು ಕಡಿಮೆ. ಭಾಷಣದಲ್ಲಿ "ಅವನು" ಎಂದವರು ಸಹ ಟ್ವೀಟಿನಲ್ಲಿ "ಅವರು" ಎಂದೇ ಬರೆಯುತ್ತಾರೆ, ಏಕೆಂದರೆ ಬರಹದ ಏಕವಚನ ಸ್ಕ್ರೀನ್‌ಶಾಟ್ ಆಗಿ ಉಳಿಯುತ್ತದೆ. ಬದಲಿಗೆ ಅತಿಯಾದ ಬಹುವಚನವೇ ಆಯುಧ: "ಮಾನ್ಯ ಸುಳ್ಳಿನ ಸರದಾರರೇ" ಎನ್ನುವ ಜಾತಿಯದು. ಹಳೇ ಮೈಸೂರಿನ ಕಡೆ ವೇದಿಕೆಯ ಏಕವಚನ ಕೆಲವೊಮ್ಮೆ ಸಲುಗೆ ಮಾತ್ರ. ಆ ಕ್ಲಿಪ್ ಧಾರವಾಡದ ಕಡೆಯವರ ಫೋನಿಗೆ ಹೋದಾಗ, "ರೀ" ಇಲ್ಲದೆ ಮಾತಾಡದ ಕಿವಿಗೆ ಅದು ಅವಮಾನವಾಗಿ ಕೇಳುತ್ತದೆ. ಕ್ಲಿಪ್‌ನ ಜೊತೆ ಊರು ಹೋಗುವುದಿಲ್ಲ.

ಹುಲಿ, ಟಗರು, ಬಂಡೆ... ಈ ಬಿರುದುಗಳನ್ನ ಯಾರು ಕೊಡ್ತಾರೆ?

ಕೆಲವನ್ನು ಅಭಿಮಾನಿಗಳು, ಕೆಲವನ್ನು ಎದುರಾಳಿಗಳು. ಯಡಿಯೂರಪ್ಪ ರಾಜಾಹುಲಿ, ಡಿ.ಕೆ. ಶಿವಕುಮಾರ್ ಕನಕಪುರದ ಬಂಡೆ, ಸಿದ್ದರಾಮಯ್ಯ ಟಗರು. 2019ರ ಉಪಚುನಾವಣೆಯ ಪ್ರಚಾರಕ್ಕೆ ಸಿದ್ದರಾಮಯ್ಯ ಕಾಗವಾಡ ಕ್ಷೇತ್ರಕ್ಕೆ ಹೋದಾಗ ಸಭಿಕರೊಬ್ಬರು ಭಾಷಣದ ನಡುವೆ "ಹೌದು ಹುಲಿಯಾ" ಎಂದು ಕೂಗಿದರು. ಯಾವ ಐಟಿ ಸೆಲ್ಲೂ ಅದನ್ನು ಯೋಜಿಸಿರಲಿಲ್ಲ. ಮೊದಲು ಮೀಮ್ ಆಗಿ ನಗಿಸಿತು, ಆಮೇಲೆ ಬೆಂಬಲಿಗರ ಘೋಷಣೆಯೇ ಆಯಿತು. ಅದೇ ವರ್ಷ ಮಂಡ್ಯದಲ್ಲಿ "ನಿಖಿಲ್ ಎಲ್ಲಿದ್ದೀಯಪ್ಪಾ" ಉಲ್ಟಾ ಹೊಡೆಯಿತು. ಕುಮಾರಸ್ವಾಮಿ ಹಿಂದೆಂದೋ ಒಂದು ಸಿನಿಮಾ ಕಾರ್ಯಕ್ರಮದಲ್ಲಿ ಮಗನನ್ನು ಕರೆದ ಅಕ್ಕರೆಯ ಮಾತು, ಚುನಾವಣೆಯ ಹೊತ್ತಿಗೆ ಕುಟುಂಬ ರಾಜಕಾರಣದ ಗೇಲಿಯಾಯಿತು.

ಎದುರಾಳಿ ಅಂಟಿಸುವ ಹೆಸರಿಗೆ ಬೇರೆಯೇ ಲೆಕ್ಕ. 2022ರ ಸೆಪ್ಟೆಂಬರ್‌ನಲ್ಲಿ ಕಾಂಗ್ರೆಸ್ ಬೆಂಗಳೂರಿನ ಗೋಡೆಗಳಿಗೆ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಮುಖದ ಕ್ಯುಆರ್ ಕೋಡ್ ಅಂಟಿಸಿ ಪೇಟಿಎಂ ಧಾಟಿಯಲ್ಲಿ "ಪೇಸಿಎಂ" ಎಂದಿತು. ದಿನಕ್ಕೆ ಹತ್ತು ಸಲ ಹಣ ಕಳಿಸುವವರ ಕಣ್ಣಿಗೆ ಚಿರಪರಿಚಿತವಾದ ರೂಪ ಅದು, ಗುತ್ತಿಗೆ ಕಾಮಗಾರಿಗಳ ಶೇ 40 ಕಮಿಷನ್ ಆರೋಪಕ್ಕೆ ವಿವರಣೆಯೇ ಬೇಡವಾಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಬಿಜೆಪಿಯ ಸಿ.ಟಿ. ರವಿ ಸಿದ್ದರಾಮಯ್ಯನವರನ್ನು "ಸಿದ್ರಾಮುಲ್ಲಾ ಖಾನ್" ಎಂದರು. ಮೊದಲನೆಯದು ಆಡಳಿತದ ಮೇಲಿನ ಆರೋಪ, ಎರಡನೆಯದು ಧರ್ಮದ ಗುರುತನ್ನೇ ಬದಲಾಯಿಸಿ ಹೊರಗಿನವನನ್ನಾಗಿ ಮಾಡುವ ಯತ್ನ. ಎರಡನ್ನೂ "ಟ್ರೋಲ್" ಎಂಬ ಒಂದೇ ಡಬ್ಬಿಗೆ ಹಾಕುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ.

ಒಂದೇ ಯೋಜನೆಗೆ "ಗ್ಯಾರಂಟಿ" ಅಂತಾನೂ ಅಂತಾರೆ, "ಬಿಟ್ಟಿ ಭಾಗ್ಯ" ಅಂತಾನೂ ಅಂತಾರೆ. ಇದರಲ್ಲಿ ಗೆದ್ದಿದ್ದು ಯಾರು?

ಪದದ ಮಟ್ಟಿಗೆ ಗ್ಯಾರಂಟಿ ಗೆದ್ದಿತು. 2013ರ ಸರ್ಕಾರದಲ್ಲಿ ಅನ್ನಭಾಗ್ಯ, ಕ್ಷೀರಭಾಗ್ಯ ಎಂದು "ಭಾಗ್ಯ"ಗಳಿದ್ದವು. ಭಾಗ್ಯ ಕೊಡುವವನಿಂದ ಬರುವಂಥದು. 2023ರಲ್ಲಿ ಕಾಂಗ್ರೆಸ್ ಗ್ಯಾರಂಟಿ ಕಾರ್ಡ್‌ಗೆ ಸಹಿ ಹಾಕಿ ಹಂಚಿತು. ಗ್ಯಾರಂಟಿ ಎಂದರೆ ಮಿಕ್ಸಿ, ಫ್ಯಾನ್ ಕೊಂಡವರಿಗೂ ಗೊತ್ತು: ಕೆಟ್ಟರೆ ಅಂಗಡಿಗೆ ಹೋಗಿ ಕೇಳಬಹುದು. ಮತದಾರ ಬೇಡುವವನ ಜಾಗದಿಂದ ಗಿರಾಕಿಯ ಜಾಗಕ್ಕೆ ಬಂದ. ಎದುರಾಳಿಗಳು "ಬಿಟ್ಟಿ" ಎಂದು ಮತ್ತೆ ಬೇಡುವವನ ಜಾಗಕ್ಕೆ ತಳ್ಳಲು ನೋಡಿದರು. ಆದರೆ 2024ರ ಲೋಕಸಭಾ ಚುನಾವಣೆಗೆ ಬಿಜೆಪಿಯೇ "ಮೋದಿ ಗ್ಯಾರಂಟಿ" ಎಂದು ಹೊರಟ ಮೇಲೆ ಆ ಪದವನ್ನು ಹಳಿಯುವುದು ಕಷ್ಟವಾಯಿತು.

ಈ ಪದ ಮನೆಮನೆಗೆ ಹೋಗಿದ್ದರಲ್ಲಿ ವಿಡಿಯೊದ ಪಾಲು ದೊಡ್ಡದು. "ಮಹದೇವಪ್ಪಾ ನಿಂಗೂ ಫ್ರೀ, ಕಾಕಾ ಪಾಟೀಲ ನಿಂಗೂ ಫ್ರೀ" ಎಂದು ಸಿದ್ದರಾಮಯ್ಯ ವೇದಿಕೆ ಮೇಲಿದ್ದವರನ್ನೇ ಹೆಸರು ಹಿಡಿದು ಕರೆದದ್ದು ಯಾವ ಪೋಸ್ಟರಿಗಿಂತಲೂ ಹೆಚ್ಚು ಓಡಾಡಿತು.

ಶ್ರದ್ಧಾಂಜಲಿ, ಹಬ್ಬದ ಶುಭಾಶಯದಲ್ಲೂ ರಾಜಕೀಯ ಹುಡುಕ್ತೀರಾ?

ಹುಡುಕಬೇಕಾಗಿಲ್ಲ, ಮೇಲೆಯೇ ಇರುತ್ತದೆ. "ಭಗವಂತ ಮೃತರಿಗೆ ಸದ್ಗತಿ ಕರುಣಿಸಲಿ", "ಓಂ ಶಾಂತಿ", "ಆತ್ಮಕ್ಕೆ ಚಿರಶಾಂತಿ ಕೋರುತ್ತೇನೆ", "ನುಡಿನಮನ". ನಾಲ್ಕೂ ಒಂದೇ ದುಃಖಕ್ಕೆ. ಸದ್ಗತಿಯಲ್ಲಿ ದೇವರೂ ಇನ್ನೊಂದು ಲೋಕವೂ ಇವೆ. ನುಡಿನಮನದಲ್ಲಿ ಎರಡೂ ಇಲ್ಲ, ಸತ್ತವರ ಕೆಲಸ ಮಾತ್ರ ಇದೆ. ಬಸವ ಜಯಂತಿಯಂದು "ವಿಶ್ವಗುರು" ಎನ್ನುವವರು, "ಸಮಾನತೆಯ ಹರಿಕಾರ" ಎನ್ನುವವರು, "ಸಾಂಸ್ಕೃತಿಕ ನಾಯಕ" ಎನ್ನುವವರು ಬೇರೆ ಬೇರೆ ಬಸವಣ್ಣನಿಗೆ ಕೈಮುಗಿಯುತ್ತಿರುತ್ತಾರೆ. ಕೊನೆಯದು 2024ರ ಜನವರಿಯ ಸಂಪುಟ ತೀರ್ಮಾನದಿಂದ ಸರ್ಕಾರಿ ಪದವೂ ಆಗಿದೆ. ಯಾವ ಜಯಂತಿಗೆ ಪೋಸ್ಟ್ ಇಲ್ಲ ಎಂಬುದನ್ನೂ ಪಟ್ಟಿ ಮಾಡಿ. ಮೌನಕ್ಕೂ ಕ್ಯಾಲೆಂಡರ್ ಇರುತ್ತದೆ.

ಕೆಳಹಂತದಲ್ಲಿ ಇದು ಇನ್ನೂ ಸ್ಪಷ್ಟ. ತಾಲ್ಲೂಕು ಮಟ್ಟದ ಮುಖಂಡನ ಹುಟ್ಟುಹಬ್ಬದ ಪೋಸ್ಟರಿನಲ್ಲಿ ಮೇಲುಗಡೆ ಸಾಲಾಗಿ ರಾಜ್ಯ ನಾಯಕರು, ನಡುವೆ "ಬಡವರ ಬಂಧು, ಯುವಕರ ಕಣ್ಮಣಿ", ಕೆಳಗೆ "ಶುಭ ಕೋರುವವರು". ಯಾರ ಫೋಟೊ ಎಷ್ಟು ದೊಡ್ಡದು, ಯಾರದು ಈ ವರ್ಷ ಬಿಟ್ಟುಹೋಯಿತು ನೋಡಿದರೆ ಬಣ ತಿಳಿಯುತ್ತದೆ. ಟಿಕೆಟ್ ಹಂಚಿಕೆಗೆ ಆರು ತಿಂಗಳಿರುವಾಗ ಈ ಪೋಸ್ಟರುಗಳನ್ನು ಉಳಿಸಿಟ್ಟುಕೊಳ್ಳಿ.

ಹಿಂದಿ ವಿಷಯ ಬಂದಾಗ ಎಲ್ಲ ಪಕ್ಷದವರೂ ಒಂದೇ ಥರ ಮಾತಾಡೋದು ಹೇಗೆ?

ಜನ ಮೊದಲು ಮಾತಾಡಿರುತ್ತಾರೆ, ನಾಯಕರು ಹಿಂದೆ ಬರುತ್ತಾರೆ. 2017ರಲ್ಲಿ "ನಮ್ಮ ಮೆಟ್ರೊ ಹಿಂದಿ ಬೇಡ" ಎಂಬ ಹ್ಯಾಶ್‌ಟ್ಯಾಗ್ ಸಾಮಾನ್ಯ ಬಳಕೆದಾರರದು. ಸರ್ಕಾರ ಕೇಂದ್ರಕ್ಕೆ ಬರೆದದ್ದು ಆಮೇಲೆ. 2018ರ ಚುನಾವಣೆ ಹೊತ್ತಿಗೆ ಬಿಜೆಪಿಯ ಮುರಳೀಧರ ರಾವ್ ಹಿಂದಿಯಲ್ಲಿ ಮಾಡಿದ ಟ್ವೀಟಿಗೆ, ಕನ್ನಡ ಅಥವಾ ಇಂಗ್ಲಿಷ್‌ನಲ್ಲಿ ಬರೆಯಿರಿ, ಹಿಂದಿ ಅರ್ಥವಾಗುವುದಿಲ್ಲ ಎಂದು ಸಿದ್ದರಾಮಯ್ಯ ಉತ್ತರಿಸಿದರು. ವಾದಕ್ಕೇ ಇಳಿಯದೆ ಎದುರಾಳಿಯನ್ನು ಹೊರಗಿನವರನ್ನಾಗಿ ತೋರಿಸುವ ಜಾಣ ದಾರಿ ಅದು. 2022ರ ಏಪ್ರಿಲ್‌ನಲ್ಲಿ ನಟರಾದ ಸುದೀಪ್ ಮತ್ತು ಅಜಯ್ ದೇವಗನ್ ನಡುವೆ ಹಿಂದಿ ರಾಷ್ಟ್ರಭಾಷೆಯೋ ಅಲ್ಲವೋ ಎಂಬ ಮಾತು ಬಂದಾಗ ಸಿದ್ದರಾಮಯ್ಯ, ಕುಮಾರಸ್ವಾಮಿ ಇಬ್ಬರೂ ಟ್ವೀಟ್ ಮಾಡಿದರು. ಮುಖ್ಯಮಂತ್ರಿ ಬೊಮ್ಮಾಯಿ ಹಿಂದಿ ರಾಷ್ಟ್ರಭಾಷೆಯಲ್ಲ ಎಂಬ ಸುದೀಪ್ ಮಾತು ಸರಿ ಎಂದದ್ದು ಪತ್ರಕರ್ತರ ಮುಂದೆ. 2025ರ ಮೇನಲ್ಲಿ ಆನೇಕಲ್ ತಾಲ್ಲೂಕಿನ ಬ್ಯಾಂಕ್ ಶಾಖೆಯೊಂದರಲ್ಲಿ ಕನ್ನಡ ಮಾತಾಡಲು ನಿರಾಕರಿಸಿದ ವಿಡಿಯೊ ಹರಿದಾಡಿದಾಗ ಸಿದ್ದರಾಮಯ್ಯ, ಬಿಜೆಪಿಯ ತೇಜಸ್ವಿ ಸೂರ್ಯ ಇಬ್ಬರದೂ ಒಂದೇ ನಿಲುವು. ವ್ಯತ್ಯಾಸ ಹುಡುಕಬೇಕಾದ್ದು ನಿಲುವಿನಲ್ಲಲ್ಲ, ದೂರು ಯಾರ ಮೇಲೆ ಎಂಬುದರಲ್ಲಿ: ಒಬ್ಬ ನೌಕರನ ಮೇಲೋ, ಸಂಸ್ಥೆಯ ಮೇಲೋ, ಕೇಂದ್ರದ ನೀತಿಯ ಮೇಲೋ. "ಕೇಂದ್ರ ಸರ್ಕಾರ" ಎನ್ನುವ ಕಡೆ ಯಾರಾದರೂ, ದೇಶ ರಾಜ್ಯಗಳ ಒಕ್ಕೂಟ ಎಂಬ ಒತ್ತು ಕೊಟ್ಟು, "ಒಕ್ಕೂಟ ಸರ್ಕಾರ" ಎಂದರೆ ಅದನ್ನೂ ಗುರುತು ಹಾಕಿಕೊಳ್ಳಿ.

## ಲಿಪಿ ಮತ್ತು ಯಂತ್ರ

280 ಅಕ್ಷರದ ಮಿತಿಯಲ್ಲಿ ಕನ್ನಡಕ್ಕೆ ಅನ್ಯಾಯ ಆಗುತ್ತಾ?

ಅಂದುಕೊಂಡಷ್ಟಿಲ್ಲ. ಎಕ್ಸ್ ಎಣಿಸುವುದು ನಮ್ಮ ಅಕ್ಷರಗಳನ್ನಲ್ಲ, ಕಂಪ್ಯೂಟರ್ ಅಕ್ಷರಗಳನ್ನು ಉಳಿಸಲು ಬಳಸುವ ಯೂನಿಕೋಡ್ ಸಂಕೇತಗಳನ್ನು. ವ್ಯಂಜನ, ಸ್ವರಚಿಹ್ನೆ, ಒತ್ತಿನ ನಡುವಿನ ಹಲಂತ, ಅನುಸ್ವಾರ ಎಲ್ಲಕ್ಕೂ ಒಂದೊಂದು. "ಸ್ವಾತಂತ್ರ್ಯ" ಕಣ್ಣಿಗೆ ಮೂರೇ ಅಕ್ಷರ, ಲೆಕ್ಕದಲ್ಲಿ 11. "ಮುಖ್ಯಮಂತ್ರಿ" ನಾಲ್ಕು ಅಕ್ಷರ, ಲೆಕ್ಕದಲ್ಲಿ ಅದೂ 11. ಆದರೆ "ಕರ್ನಾಟಕ" 7, ಇಂಗ್ಲಿಷಿನಲ್ಲಿ 9. ಜಾಗ ತಿನ್ನುವುದು ಮರ್ಯಾದೆಯ ಪದಗಳು: "ಮಾನ್ಯ ಮುಖ್ಯಮಂತ್ರಿಗಳಾದ ಶ್ರೀ" ಎನ್ನುವಷ್ಟರಲ್ಲಿ 26 ಮುಗಿದಿರುತ್ತದೆ, ಇನ್ನೂ ಹೆಸರೇ ಬಂದಿಲ್ಲ. ಅದಕ್ಕೇ ನಮ್ಮ ನಾಯಕರು 1/6, 2/6 ಎಂದು ಸರಣಿ ಬರೆಯುವುದು. ಸರಣಿಯಲ್ಲಿ ಮೂರನೆಯದನ್ನೊಂದೇ ಯಾರೋ ಸ್ಕ್ರೀನ್‌ಶಾಟ್ ತೆಗೆದು ಹಂಚಿದರೆ ಅರ್ಥ ಕೆಡುತ್ತದೆ. ಪ್ರತಿ ತುಂಡೂ ತನ್ನಷ್ಟಕ್ಕೆ ನಿಲ್ಲುವಂತೆ ಬರೆಯುವುದೇ ಇದಕ್ಕೆ ಪರಿಹಾರ.

ಕನ್ನಡದ ಘೋಷಣೆಗೆ ಇಂಗ್ಲಿಷ್ ಅಕ್ಷರದ ಹ್ಯಾಶ್‌ಟ್ಯಾಗ್ ಯಾಕೆ?

2024ರ ಫೆಬ್ರುವರಿಯ "ನನ್ನ ತೆರಿಗೆ ನನ್ನ ಹಕ್ಕು" ಒಳ್ಳೆಯ ಉದಾಹರಣೆ. ಪದಗಳು ಕನ್ನಡ, ಟ್ಯಾಗ್ ರೋಮನ್ ಲಿಪಿಯಲ್ಲೂ ಓಡಿತು. ಫೆಬ್ರುವರಿ 7ರಂದು ಜಂತರ್ ಮಂತರ್‌ನಲ್ಲಿ ಧರಣಿ ಇದ್ದುದರಿಂದ ದೆಹಲಿಯವರಿಗೆ ಓದಲಾದರೂ ಬರಬೇಕಿತ್ತು. ತಾಂತ್ರಿಕ ಕಾರಣವೂ ಇದೆ. ಟ್ಯಾಗಿನಲ್ಲಿ ಖಾಲಿ ಜಾಗ ಬಿಡುವಂತಿಲ್ಲ. ರೋಮನ್‌ನಲ್ಲಿ ಪ್ರತಿ ಪದದ ಮೊದಲಕ್ಷರ ದೊಡ್ಡದು ಮಾಡಿದರೆ ಓದಬಹುದು. ಕನ್ನಡದಲ್ಲಿ ದೊಡ್ಡಕ್ಷರ ಇಲ್ಲ, #ನನ್ನತೆರಿಗೆನನ್ನಹಕ್ಕು ಎಂದು ಕೂಡಿಕೊಂಡುಬಿಡುತ್ತದೆ. ಕೆಳಗೆರೆ ಹಾಕಿದರೆ ಓದಲು ಬರುತ್ತದೆ, ಆದರೆ ಕೆಲವರು ಹಾಕಿ ಕೆಲವರು ಬಿಟ್ಟರೆ ಎರಡು ಟ್ಯಾಗ್ ಆಗಿ ಸಂಖ್ಯೆ ಒಡೆಯುತ್ತದೆ. ಕಾಗುಣಿತವೂ ಹಾಗೆ: ಸಿದ್ದರಾಮಯ್ಯ, ಸಿದ್ಧರಾಮಯ್ಯ ಎರಡು ಬೇರೆ ಟ್ಯಾಗ್.

ಫೇಸ್‌ಬುಕ್ ಭಾಷಾಂತರ ಮುಖ್ಯಮಂತ್ರಿಯನ್ನೇ ಸಾಯಿಸಿತ್ತಂತೆ, ಹೌದಾ?

ಹೌದು. 2025ರ ಜುಲೈ 14ರಂದು ನಟಿ ಬಿ. ಸರೋಜಾದೇವಿ ತೀರಿಕೊಂಡರು. ಸಿದ್ದರಾಮಯ್ಯ ಅಂತಿಮ ದರ್ಶನ ಪಡೆದ ಕನ್ನಡ ಪೋಸ್ಟನ್ನು ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾದ ಯಂತ್ರ, ಮುಖ್ಯಮಂತ್ರಿಯೇ ನಿಧನರಾದರು ಎಂಬಂತೆ ಇಂಗ್ಲಿಷಿಗೆ ತಿರುಗಿಸಿತು. ಮುಖ್ಯಮಂತ್ರಿಯ ಮಾಧ್ಯಮ ಸಲಹೆಗಾರ ಕೆ.ವಿ. ಪ್ರಭಾಕರ್ ಮೆಟಾಗೆ ಬರೆದು, ಸರಿಯಾಗುವವರೆಗೆ ಕನ್ನಡದ ಸ್ವಯಂ ಭಾಷಾಂತರ ನಿಲ್ಲಿಸಿ ಎಂದರು. ಕಂಪನಿ ಕ್ಷಮೆ ಕೇಳಿ ಸರಿಪಡಿಸಿತು.

ಎಡವುವ ಜಾಗ ಸುದ್ದಿಮನೆಯ ವಾಕ್ಯರಚನೆಯಲ್ಲೇ ಇದೆ. "ಮುಖ್ಯಮಂತ್ರಿಗಳು ನಿನ್ನೆ ನಿಧನರಾದ ಹಿರಿಯ ನಟಿಯ ಅಂತಿಮ ದರ್ಶನ ಪಡೆದರು" ಎಂಬ ಮಾದರಿ ನೋಡಿ. ಕರ್ತೃವಿನ ಮಗ್ಗುಲಲ್ಲೇ "ನಿಧನರಾದ" ಕೂತಿದೆ, ಅದು ಸೇರಬೇಕಾದ ನಟಿ ಆಮೇಲೆ ಬರುತ್ತಾಳೆ. ಕನ್ನಡ ಕಿವಿ ಕೊನೆಯವರೆಗೆ ಕಾಯುತ್ತದೆ, ಯಂತ್ರ ಕಾಯುವುದಿಲ್ಲ. "ನಿನ್ನೆ ನಿಧನರಾದ ಹಿರಿಯ ನಟಿಯ ಅಂತಿಮ ದರ್ಶನವನ್ನು ಮುಖ್ಯಮಂತ್ರಿಗಳು ಪಡೆದರು" ಎಂದು ಬರೆದರೆ ಅಪಾಯ ಬಹುಪಾಲು ತಪ್ಪುತ್ತದೆ. ಪ್ರಕಟಿಸುವ ಮುನ್ನ ಭಾಷಾಂತರದ ಗುಂಡಿ ತಾವೇ ಒತ್ತಿ ನೋಡುವುದು ಈಗ ಪ್ರೂಫ್ ನೋಡುವಷ್ಟೇ ಅಗತ್ಯ.

ಮೋದಿ ಕನ್ನಡದಲ್ಲಿ ಮಾತಾಡೋ ವಿಡಿಯೊ ಅಸಲಿಯಾ?

2024ರ ಚುನಾವಣೆಗೆ ಮುನ್ನ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಮೋದಿ ಭಾಷಣಕ್ಕೆಂದೇ ಎಕ್ಸ್ ಖಾತೆಗಳನ್ನು ತೆರೆಯಲಾಯಿತು. ಅಲ್ಲಿನ ದನಿ ಕೃತಕ ಬುದ್ಧಿಮತ್ತೆಯದು. ಭಾಷಣದ ಮೊದಲಿಗೆ ಅವರೇ ಆಡುವ ಎರಡು ಸಾಲಿನ ಕನ್ನಡ ಅಸಲಿ. ಗುರುತಿಸಲು ತುಟಿಗಿಂತ ಕಿವಿಯನ್ನು ನಂಬಿ: ಅಲ್ಪಪ್ರಾಣ-ಮಹಾಪ್ರಾಣ, ಲ-ಳ ತಪ್ಪಿಲ್ಲದೆ ಒಂದೇ ಏರಿಳಿತದಲ್ಲಿ ಸಾಗಿದರೆ ಅನುಮಾನಿಸಿ. ನಮ್ಮಲ್ಲೇ ಹುಟ್ಟಿದವರೂ ಅಷ್ಟು ಶುದ್ಧವಾಗಿ ಮಾತಾಡುವುದಿಲ್ಲ.

## ಅಧ್ಯಯನ ಮಾಡುವವರಿಗೆ

ನಮ್ಮ ಶಾಸಕರ ಖಾತೆಯನ್ನ ನಾನೇ ವಿಶ್ಲೇಷಣೆ ಮಾಡಬೇಕು. ಎಲ್ಲಿಂದ ಶುರು ಮಾಡಲಿ?

ಮೊದಲು ಅವಧಿ ಕಟ್ಟಿಕೊಳ್ಳಿ: ಚುನಾವಣೆಗೆ ಮುಂಚಿನ ಮೂರು ತಿಂಗಳು, ನಂತರದ ಮೂರು ತಿಂಗಳು. ಎಕ್ಸ್‌ನ ಸುಧಾರಿತ ಹುಡುಕಾಟದಲ್ಲಿ ಖಾತೆಯ ಹೆಸರು ಮತ್ತು ದಿನಾಂಕ ಕೊಟ್ಟು ಎರಡೂ ಅವಧಿಯಿಂದ ನೂರರಂತೆ ಪೋಸ್ಟ್ ಆರಿಸಿ. ಭಾಷೆ ಕನ್ನಡ ಎಂದು ಸೋಸಬೇಡಿ, ರೋಮನ್ ಲಿಪಿಯ ಕನ್ನಡ ತಪ್ಪಿಹೋಗುತ್ತದೆ. ಒಂದು ಹಾಳೆಯಲ್ಲಿ ದಿನಾಂಕ, ಭಾಷೆ, ಲಿಪಿ, ಯಾರಿಗೆ, ಕರ್ತೃ, ತನ್ನನ್ನು ಕರೆದುಕೊಂಡ ರೀತಿ, ಎದುರಾಳಿಯನ್ನು ಕರೆದ ರೀತಿ, ವಿಷಯ ಎಂದು ಕಲಂ ಹಾಕಿ. ಪ್ರತಿಯೊಂದರ ಸ್ಕ್ರೀನ್‌ಶಾಟ್ ಉಳಿಸಿ, ಕೊಂಡಿಯನ್ನು ಜಾಲಪುಟಗಳ ನಕಲು ಉಳಿಸಿಡುವ ವೇಬ್ಯಾಕ್ ಮಷೀನ್‌ಗೂ ಹಾಕಿ. ಅಳಿಸಿದ ಮೇಲೆ ಅತ್ತು ಫಲವಿಲ್ಲ.

ಮೊದಲ ಇಪ್ಪತ್ತು ಪೋಸ್ಟ್‌ಗಳನ್ನು ಇನ್ನೊಬ್ಬರಿಗೂ ಕೊಟ್ಟು ಪ್ರತ್ಯೇಕವಾಗಿ ತುಂಬಿಸಿ. "ಯಾರಿಗೆ" ಎಂಬ ಕಲಂನಲ್ಲಿ ಜಗಳ ಖಂಡಿತ. ಆ ಜಗಳ ಮುಗಿಸಿ ನಿಯಮ ಬರೆದಿಟ್ಟುಕೊಂಡ ಮೇಲೆ ಉಳಿದದ್ದಕ್ಕೆ ಕೈ ಹಾಕಿ.

ಪದ ಎಣಿಸೋಕೆ ಕಂಪ್ಯೂಟರ್ ಸಾಕಲ್ವಾ?

ಕನ್ನಡದಲ್ಲಿ ನೇರವಾಗಿ ಎಣಿಸಿದರೆ ಸುಳ್ಳು ಉತ್ತರ ಬರುತ್ತದೆ. ಸರ್ಕಾರ, ಸರಕಾರ ಎರಡೂ ಚಾಲ್ತಿಯಲ್ಲಿವೆ. ಸರ್ಕಾರದ, ಸರ್ಕಾರಕ್ಕೆ, ಸರ್ಕಾರವೇ ಎಂದು ಪ್ರತ್ಯಯ ಸೇರಿದಂತೆಲ್ಲ ಯಂತ್ರಕ್ಕೆ ಹೊಸ ಪದ. "ಓ"ಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಮೂರು ತುಂಡಾಗಿಯೂ ಉಳಿಸಬಹುದು, ಕಣ್ಣಿಗೆ ಎರಡೂ ಒಂದೇ. ಮೊದಲು ಇಂಥವನ್ನು ಒಂದೇ ರೂಪಕ್ಕೆ ತರುವ ಯೂನಿಕೋಡ್ ಸಮೀಕರಣ (ನಾರ್ಮಲೈಸೇಶನ್) ಮಾಡಿ, ಆಮೇಲೆ ಕಣ್ಣಿಗೆ ಕಾಣದ ವಿಭಜಕ ಚಿಹ್ನೆಗಳನ್ನು ತೆಗೆಯಿರಿ, ಇಲ್ಲವಾದರೆ ಫೇಸ್‌ಬುಕ್ ಮತ್ತು ಫೇಸ್ಬುಕ್ ಬೇರೆಬೇರೆಯಾಗುತ್ತವೆ. ಅರ್ಕಾವತ್ತಿನ ಜಾಗದಲ್ಲಿ ಕನ್ನಡದ ಒಂಬತ್ತನ್ನು ಒತ್ತಿ "ಕನಾ೯ಟಕ" ಎಂದು ಬರೆಯುವವರು, ಸೊನ್ನೆಯ ಜಾಗದಲ್ಲಿ ಅಂಕಿಯ ೦ ಒತ್ತುವವರು ಇನ್ನೂ ಬಹಳ ಮಂದಿ. ಇವನ್ನು ಕೈಯಾರೆ ಪಟ್ಟಿ ಮಾಡಿ ಬದಲಿಸಬೇಕು. ಪೋಸ್ಟರಿನೊಳಗಿನ ಬರಹ ಚಿತ್ರವಾಗಿರುವುದರಿಂದ ಎಣಿಕೆಗೇ ಸಿಗುವುದಿಲ್ಲ, ಅದನ್ನು ಟೈಪ್ ಮಾಡಿಕೊಳ್ಳುವುದೇ ದಾರಿ. ಇಷ್ಟಾದ ಮೇಲೂ ವ್ಯಂಗ್ಯ ಯಂತ್ರಕ್ಕೆ ತಿಳಿಯುವುದಿಲ್ಲ. "ಅಭಿನಂದನೆಗಳು ಸ್ವಾಮಿ" ಎಂದರೆ ಅದು ಹೊಗಳಿಕೆ ಎಂದೇ ಗುರುತು ಹಾಕುತ್ತದೆ.

ದೊಡ್ಡ ಪ್ರಮಾಣದ ಮಾಹಿತಿ ಪಡೆಯುವುದು ಈಗ ಕಷ್ಟ. ಎಕ್ಸ್‌ನ ಎಪಿಐ, ಅಂದರೆ ಪೋಸ್ಟುಗಳನ್ನು ರಾಶಿಯಾಗಿ ಪಡೆಯುವ ದಾರಿ, 2023ರಿಂದ ದುಬಾರಿ, ಪೋಸ್ಟುಗಳ ಓಡಾಟ ಅಳೆಯಲು ಬಳಸುತ್ತಿದ್ದ ಮೆಟಾದ ಕ್ರೌಡ್‌ಟ್ಯಾಂಗಲ್ 2024ರ ಆಗಸ್ಟ್‌ನಲ್ಲಿ ಮುಚ್ಚಿತು.

ದುಡ್ಡು ಕೊಟ್ಟು ಹಾಕಿಸಿದ ಪೋಸ್ಟ್ ಯಾವುದು, ತಾವೇ ಹಾಕಿದ್ದು ಯಾವುದು ಅಂತ ಹೇಗೆ ತಿಳಿಯೋದು?

ಮೆಟಾದ ಆ್ಯಡ್ ಲೈಬ್ರರಿಗೆ ಹೋಗಿ ದೇಶ ಭಾರತ, ವಿಭಾಗ ಚುನಾವಣೆ ಮತ್ತು ರಾಜಕೀಯ ಎಂದು ಆರಿಸಿ, ಪೇಜಿನ ಹೆಸರು ಕೊಡಿ. ಯಾರು ಹಣ ಕೊಟ್ಟರು, ಖರ್ಚಿನ ಅಂದಾಜು ವ್ಯಾಪ್ತಿ, ಯಾವ ರಾಜ್ಯದ ಯಾವ ವಯಸ್ಸಿನವರಿಗೆ ತೋರಿಸಿದರು ಎಂಬುದು ಸಿಗುತ್ತದೆ. ನಾಯಕನ ಪೇಜಿಗಿಂತ "ಅಭಿಮಾನಿ ಬಳಗ" ಮಾದರಿಯ ಪೇಜುಗಳನ್ನು ಹುಡುಕಿ. ಒರಟು ಭಾಷೆಯನ್ನು ಅಲ್ಲಿಗೆ ದಾಟಿಸಿ ನಾಯಕನ ಖಾತೆಯನ್ನು ಸಭ್ಯವಾಗಿ ಇಟ್ಟುಕೊಳ್ಳುವುದು ಮಾಮೂಲಿ ತಂತ್ರ.

ಚುನಾವಣಾ ಆಯೋಗ ಇದನ್ನೆಲ್ಲ ನೋಡುತ್ತಾ?

ಅಭ್ಯರ್ಥಿಯು ನಮೂನೆ 26ರ ಪ್ರಮಾಣಪತ್ರದಲ್ಲಿ ತನ್ನ ಜಾಲತಾಣ ಖಾತೆಗಳನ್ನು ತಿಳಿಸಬೇಕು. ಜಾಹೀರಾತಿಗೆ ಮಾಧ್ಯಮ ಪ್ರಮಾಣೀಕರಣ ಸಮಿತಿಯ ಪೂರ್ವಾನುಮತಿ ಬೇಕು, ಸ್ವಂತ ಖಾತೆಯ ಮಾಮೂಲಿ ಪೋಸ್ಟಿಗೆ ಬೇಡ. ಜಾಲತಾಣದ ಖರ್ಚು, ಅದಕ್ಕೆ ಇಟ್ಟುಕೊಂಡ ಹುಡುಗರ ಸಂಬಳವೂ ಸೇರಿ, ಚುನಾವಣಾ ವೆಚ್ಚದ ಲೆಕ್ಕಕ್ಕೆ ಬರುತ್ತದೆ. ನಕಲಿ ವಿಡಿಯೊ ಗಮನಕ್ಕೆ ಬಂದ 3 ಗಂಟೆಯೊಳಗೆ ತೆಗೆಯಬೇಕು ಎಂದು ಆಯೋಗ 2024ರ ಮೇ 6ರಂದು ಪಕ್ಷಗಳಿಗೆ ಹೇಳಿತು. ಮರುದಿನವೇ, ರಾಜ್ಯ ಬಿಜೆಪಿ ಖಾತೆ ಮೀಸಲಾತಿ ಬಗ್ಗೆ ಹಾಕಿದ್ದ ಮೊಟ್ಟೆಗಳ ವ್ಯಂಗ್ಯಚಿತ್ರ ವಿಡಿಯೊ ತೆಗೆಯುವಂತೆ ಎಕ್ಸ್‌ಗೆ ಸೂಚಿಸಿತು. ಅಂದು ರಾಜ್ಯದ ಎರಡನೇ ಹಂತದ ಮತದಾನ ನಡೆಯುತ್ತಿತ್ತು. ದೂರು ಕೊಡುವುದಿದ್ದರೆ ಜಿಲ್ಲಾ ಚುನಾವಣಾಧಿಕಾರಿಗೆ ಕೊಂಡಿ, ಸಮಯ ಕಾಣುವ ಸ್ಕ್ರೀನ್‌ಶಾಟ್ ಎರಡನ್ನೂ ಕೊಡಿ. ಬರೀ ಫಾರ್ವರ್ಡ್ ಆದ ಚಿತ್ರ ಕೊಟ್ಟರೆ ಮೂಲ ಖಾತೆ ಯಾವುದೆಂದು ತೋರಿಸಲಾಗದೆ ದೂರು ಅಲ್ಲೇ ನಿಲ್ಲುತ್ತದೆ.